ದಕ್ಕೆಗೆ ಕಟ್ಟಿದ ಬೋಟು ನಡುಸಮುದ್ರದಲ್ಲಿ!

ಜೂನ್, ಜುಲೈ ಎರಡು ತಿಂಗಳು ಮಲ್ಪೆಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ದಕ್ಕೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿರ್ತವೆ. ಅದೇ ಸಮಯಕ್ಕೆ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಹೋಗಿದ್ದ ನನಗೆ ಮಾಮ ಒಂದು ಕೆಲಸ ಹಚ್ಚಿದರು. "ನೀನು ಸಾಫ್ಟ್‌ವೇರ್‌ನವ ಅಲ್ವಾ ಮಾರಾಯ, ಈ ಜಿಪಿಎಸ್ಸನ್ನು ಲ್ಯಾಪ್‌ಟಾಪಿಗೆ ಸೇರಿಸಿ ಕೊಡು. ಇದರ ಸಣ್ಣ ಸ್ಕ್ರೀನ್ ನನಗೆ ಕಾಣುದಿಲ್ಲ."

ಯುಎಸ್‌ಬಿ ಕೇಬಲ್ ಚುಚ್ಚಿದರೆ ಆಯ್ತು ಅಂದುಕೊಂಡಿದ್ದೆ. ಆದರೆ ಬೋಟಿನ ಹಳೇ ಜಿಪಿಎಸ್, ಆಳ ಅಳೆಯುವ ಎಕೋ ಸೌಂಡರ್ ಎಲ್ಲ ಮಾತಾಡೋದು ಎನ್‌ಎಂಇಎ 0183 ಅನ್ನೋ ಭಾಷೆಯಲ್ಲಿ. ಅಮೆರಿಕದ ಸಂಘವೊಂದು 1983ರಲ್ಲಿ ತಂದ ಮಾನದಂಡ ಇದು. ವೇಗ ಸೆಕೆಂಡಿಗೆ 4800 ಬಿಟ್, ನಮ್ಮ ವೈಫೈ ಮುಂದೆ ಬಸವನಹುಳು. ಜಿಪಿಎಸ್ಸಿನ ಹಿಂದಿನಿಂದ ಬರುವ ಎರಡು ತಂತಿಗಳನ್ನು ಯುಎಸ್‌ಬಿ ಪರಿವರ್ತಕಕ್ಕೆ ಜೋಡಿಸಬೇಕು. ತಂತಿಯ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಮ್ಯಾನುವಲ್ ನೋಡದೆ ಗತಿಯಿಲ್ಲ. ನಾನು ನೋಡಲಿಲ್ಲ. ಎರಡೂ ಅದಲುಬದಲಾಗಿ ಮೊದಲ ದಿನವಿಡೀ ಸ್ಕ್ರೀನ್ ತುಂಬ ಕಸ. ಪರಿವರ್ತಕದಲ್ಲೂ ಜುಗ್ಗತನ ಬೇಡ. ಬೋಟಿನ ವಿದ್ಯುತ್ತಿಗೂ ಲ್ಯಾಪ್‌ಟಾಪಿಗೂ ನೇರ ಸಂಪರ್ಕ ಇಲ್ಲದ ಹಾಗೆ ಪ್ರತ್ಯೇಕಿಸುವ ನಮೂನೆಯದ್ದೇ ತಗೊಳ್ಳಿ.

ಎರಡನೇ ದಿನ ತಂತಿ ತಿರುಗಿಸಿದ ಕೂಡಲೇ ಡಾಲರ್ ಚಿಹ್ನೆಯಿಂದ ಶುರುವಾಗುವ ಸಾಲುಗಳು ಉದುರತೊಡಗಿದವು. ಸಮಯ, ಅಕ್ಷಾಂಶ, ರೇಖಾಂಶ, ವೇಗ, ದಿಕ್ಕು ಎಲ್ಲ ಅಲ್ಪವಿರಾಮ ಹಾಕಿ ಬರೆದ ಹಾಗೆ. ಓಪನ್‌ಸಿಪಿಎನ್ ಅನ್ನೋ ಉಚಿತ ತಂತ್ರಾಂಶ ಇದನ್ನು ತಾನೇ ಓದ್ತದೆ. ಆದರೆ ನನಗೆ ಹುರುಪು, ಪೈಥಾನಿನಲ್ಲಿ ನಾನೇ ಮ್ಯಾಪ್ ಬರೆದೆ.

ಮಾಮನನ್ನು ಕರೆದು ತೋರಿಸಿದೆ. ಅವರು ಕಿಟಕಿಯಾಚೆ ದಕ್ಕೆ ನೋಡಿದರು, ಸ್ಕ್ರೀನ್ ನೋಡಿದರು. "ಎಂಥದಾ ಇದು, ನಾವು ಮುಳುಗಿದ್ದೇವಾ?" ಮ್ಯಾಪಿನಲ್ಲಿ ಬೋಟು ನೈಋತ್ಯಕ್ಕೆ 34 ಕಿಲೋಮೀಟರ್ ದೂರ, ನಡುಸಮುದ್ರದಲ್ಲಿ!

ತಪ್ಪು ಜಿಪಿಎಸ್ಸಿನದ್ದಲ್ಲ. ಅದು ಕಳಿಸಿದ್ದು 1320.80. ಅಂದರೆ 13 ಡಿಗ್ರಿ, 20.80 ನಿಮಿಷ. ನಾನು ಓದಿದ್ದು 13.2080 ಡಿಗ್ರಿ ಅಂತ. ಡಿಗ್ರಿಗೆ 60 ನಿಮಿಷ, ಹಾಗಾಗಿ 20.80ನ್ನು 60ರಿಂದ ಭಾಗಿಸಬೇಕು. ಆಗ 13.3467, ಸರಿಯಾಗಿ ಮಲ್ಪೆ. ಅಕ್ಷಾಂಶದಲ್ಲಿ ಈ ತಪ್ಪಿಗೆ ಸುಮಾರು 15 ಕಿಲೋಮೀಟರ್, 07442.10 ಅನ್ನೋ ರೇಖಾಂಶದಲ್ಲಿ 30.

ನಗು ಬಂತು, ಆಮೇಲೆ ಬರಲಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯೊಂದಿಗೆ ಕಾಣೆಯಾದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅದಕ್ಕೂ ಈ ಲೆಕ್ಕಕ್ಕೂ ಸಂಬಂಧ ಇಲ್ಲ. ಆದರೆ ನಡುರಾತ್ರಿ ಇಂಜಿನ್ ಕೆಟ್ಟು, ವೈರ್‌ಲೆಸ್‌ನಲ್ಲಿ ತಾಂಡೇಲರು ನನ್ನ ಸ್ಕ್ರೀನ್ ನೋಡಿ ಜಾಗ ಹೇಳಿದ್ದರೆ? ಹುಡುಕುವವರು 34 ಕಿಲೋಮೀಟರ್ ಆಚೆ ಹುಡುಕ್ತಿದ್ದರು.

ಇನ್ನೊಂದು ವಿಷಯವನ್ನೂ ನಾನು ಕಡೆಗಣಿಸಿದ್ದೆ. ಆ ಸಾಲಿನಲ್ಲೇ 'ಎ' ಅಥವಾ 'ವಿ' ಅನ್ನೋ ಒಂದಕ್ಷರ ಇರ್ತದೆ. ಎ ಅಂದರೆ ಉಪಗ್ರಹ ಸಿಕ್ಕಿದೆ, ವಿ ಅಂದರೆ ಈ ಸ್ಥಾನ ನಂಬಬೇಡಿ ಅಂತ. ನನ್ನ ಪ್ರೋಗ್ರಾಮ್ ಎರಡನ್ನೂ ಒಂದೇ ಹಸಿರು ಬಣ್ಣದಲ್ಲಿ ತೋರಿಸ್ತಿತ್ತು. ಸಮಯವೂ ನಮ್ಮದಲ್ಲ, ಐದೂವರೆ ಗಂಟೆ ಕೂಡಿಸಬೇಕು. ಎಕೋ ಸೌಂಡರಿನದ್ದು ಇನ್ನೊಂದು ತರ: ಅದು ಕೊಡುವ ಆಳ ಸಾಮಾನ್ಯವಾಗಿ ಬೋಟಿನ ತಳದಲ್ಲಿ ಕೂರಿಸಿದ ಸಂವೇದಕದಿಂದ ಕೆಳಕ್ಕೆ, ನೀರಿನ ಮೇಲ್ಮೈಯಿಂದಲ್ಲ.

ನನ್ನ ಪೈಥಾನ್ ಅಳಿಸಿ ಓಪನ್‌ಸಿಪಿಎನ್ ಹಾಕಿಕೊಟ್ಟೆ. ದಕ್ಕೆಯಲ್ಲೇ ಒಂದು ವಾರ ಎರಡೂ ಸ್ಕ್ರೀನಿನ ಅಂಕಿಗಳನ್ನು ಬೆಳಿಗ್ಗೆ ಸಂಜೆ ನೋಟ್‌ಬುಕ್ಕಿನಲ್ಲಿ ಬರೆದು ತಾಳೆ ನೋಡಿದೆವು.

ಆಗಸ್ಟಿನಲ್ಲಿ ಬೋಟು ಹೊರಟಿತು. ಲ್ಯಾಪ್‌ಟಾಪಿಗೆ ಪ್ಲಾಸ್ಟಿಕ್ ಹೊದಿಸಿ ಹಗ್ಗ ಕಟ್ಟಿದ್ದಾರೆ. ಪಕ್ಕದಲ್ಲಿ ಹಳೇ ಜಿಪಿಎಸ್ ಹಾಗೇ ಉರೀತಿದೆ. ಈ ಸಲ ಮಾಮನಿಗೆ ಉಡುಪಿಯಲ್ಲಿ ಒಂದು ಕನ್ನಡಕವನ್ನೂ ಮಾಡಿಸಿಕೊಟ್ಟೆ.