ಹಳೆಯ ಟೆಲಿವಿಷನ್ನಿನ ಕರಕರ ಸದ್ದು

ಅಮರಾವತಿಯ ದಡದ ನಮ್ಮ ಧಾರಾಪುರಂನಲ್ಲಿ ಹಿಂಬದಿ ಉಬ್ಬಿದ ಹಳೆಯ ಟೆಲಿವಿಷನ್ ಪೆಟ್ಟಿಗೆಯನ್ನು ಇರಿಸಿಕೊಂಡಿರುವ ಮನೆಗಳು ಈಗಲೂ ಉಂಟು. 2006ರಲ್ಲಿ ತಮಿಳುನಾಡು ಸರಕಾರವು ಉಚಿತವಾಗಿ ಹಂಚಲಾರಂಭಿಸಿದ 14 ಅಂಗುಲದ ಬಣ್ಣದ ಪೆಟ್ಟಿಗೆಗಳೂ ಈ ಜಾತಿಯವೇ. ಚಿತ್ರ ಚೆನ್ನಾಗಿದ್ದರೂ ಧ್ವನಿ ಕೆಡುವುದು ಇವುಗಳ ಮುಪ್ಪಿನ ಲಕ್ಷಣ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಸರಕಾರದ ಕಲ್ವಿ ವಾಹಿನಿಯಲ್ಲಿ ಪಾಠಗಳು ಬರುತ್ತಿದ್ದವು. ನಮ್ಮ ಮನೆಯ ಹುಡುಗನು ಹಲಗೆಯ ಮೇಲಿನ ಲೆಕ್ಕವನ್ನೇನೋ ಬರೆದುಕೊಳ್ಳುತ್ತಿದ್ದನು. ಉಪಾಧ್ಯಾಯರ ವಿವರಣೆ ಮಾತ್ರ ಕರಕರ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು.

ಈ ಸದ್ದು ಹುಟ್ಟುವುದೆಲ್ಲಿ? ಸ್ಪೀಕರಿನೊಳಗೆ ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿಯೊಂದು ಓಲಾಡುತ್ತದೆ. ಅದಕ್ಕೆ ಅಂಟಿದ ಕಾಗದದ ಆಲಿಕೆಯು ಗಾಳಿಯನ್ನು ನಡುಗಿಸಿ ಧ್ವನಿಯನ್ನುಂಟುಮಾಡುತ್ತದೆ. ಕಾಗದವು ಹರಿದರೆ, ಇಲ್ಲವೇ ಸುರುಳಿಯು ಅಯಸ್ಕಾಂತಕ್ಕೆ ಉಜ್ಜಿದರೆ, ಮಾತು ಒಡೆದು ಕೇಳುವುದು. ಧ್ವನಿಯ ಗುಂಡಿಯನ್ನು ತಿರುಗಿಸುವಾಗ ಮಾತ್ರ ಸದ್ದು ಬಂದರೆ ಗುಂಡಿಯೊಳಗೆ ಧೂಳು ಸೇರಿದೆಯೆಂದು ಊಹಿಸಬಹುದು. ಧ್ವನಿಯನ್ನು ಪೂರ್ತಿ ತಗ್ಗಿಸಿದರೂ ಗುಂಯ್ಗುಡುತ್ತಿದ್ದರೆ ದೋಷವು ಒಳಗಿನ ವಿದ್ಯುನ್ಮಂಡಲದಲ್ಲಿರುವ ಸಂಭವವೇ ಹೆಚ್ಚು. ಪೆಟ್ಟಿಗೆಯ ನೆತ್ತಿಗೆ ಎರಡು ಗುದ್ದು ಕೊಡುವ ವೈದ್ಯವು ನಮ್ಮಲ್ಲಿ ಬಹಳ ಪ್ರಸಿದ್ಧ! ಸಡಿಲವಾದ ಬೆಸುಗೆಯು ಅದರಿಂದ ಕ್ಷಣಕಾಲ ಕೂಡಿಕೊಳ್ಳುವುದುಂಟು. ಮರುದಿನ ಮತ್ತೆ ಅದೇ ಕಥೆ.

ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೆ ಪೆಟ್ಟಿಗೆಯಲ್ಲಿ ರಂಧ್ರವಿದ್ದರೆ ಪರೀಕ್ಷೆ ಸುಲಭ. ಅದರಲ್ಲಿ ಧ್ವನಿ ಶುದ್ಧವಾಗಿ ಕೇಳಿದರೆ ತಪ್ಪು ಸ್ಪೀಕರಿನದೇ. ಅಷ್ಟೇ ಅಲ್ಲ, ಹಲವು ಪೆಟ್ಟಿಗೆಗಳಲ್ಲಿ ಆ ರಂಧ್ರದೊಳಗೆ ಬುಗ್ಗೆಯಂಥ ಲೋಹದ ಪಟ್ಟಿಯಿದ್ದು, ಪಿನ್ನು ಒಳಹೊಕ್ಕೊಡನೆ ಅದು ಮೇಲೆದ್ದು ಸ್ಪೀಕರಿನ ಸಂಪರ್ಕವನ್ನು ತಾನೇ ಕಡಿಯುತ್ತದೆ. ತಂತಿಯಿಲ್ಲದ ಬರಿಯ ಪಿನ್ನನ್ನು ಸಿಕ್ಕಿಸಿದರೂ ಸ್ಪೀಕರು ಮೌನ! ಕೆಲವು ಪೆಟ್ಟಿಗೆಗಳ ಪರದೆಯ ಪಟ್ಟಿಯಲ್ಲಿಯೇ ಸ್ಪೀಕರನ್ನು ನಿಲ್ಲಿಸುವ ಆಯ್ಕೆಯಿರುವುದುಂಟು. ಮೊದಲು ಅದನ್ನು ಹುಡುಕತಕ್ಕದ್ದು.

ಹೆಡ್‌ಫೋನಿನಲ್ಲಿಯೂ ಸದ್ದು ಉಳಿದರೆ ಸ್ಪೀಕರನ್ನು ದೂರಿ ಫಲವಿಲ್ಲ. ಆಗ ಸೆಟ್‌ಟಾಪ್ ಪೆಟ್ಟಿಗೆಯ ಹಿಂಬದಿಯ ಕೆಂಪು, ಬಿಳಿ ರಂಧ್ರಗಳಿಂದ ಧ್ವನಿಯನ್ನು ನೇರವಾಗಿ ಹೊರಗಿನ, ಸ್ವಂತ ಆಂಪ್ಲಿಫೈಯರ್ ಉಳ್ಳ ಸ್ಪೀಕರಿಗೆ ಒಯ್ದು, ಟೆಲಿವಿಷನ್ನಿನ ಧ್ವನಿಯನ್ನು ಸೊನ್ನೆಗೆ ಇಳಿಸಬಹುದು.

ವಿದ್ಯಾರ್ಥಿಗಳಿಗೆ ಒಂದು ಮಾತು. ತಂತಿ ಕತ್ತರಿಸುವ ಉತ್ಸಾಹದಿಂದ ಹಿಂಬದಿಯ ಮುಚ್ಚಳವನ್ನು ಎಂದಿಗೂ ಬಿಚ್ಚಬೇಡಿರಿ. ಮನೆಯ ವಿದ್ಯುತ್ತು 230 ವೋಲ್ಟ್. ಚಿತ್ರನಳಿಕೆಯಲ್ಲಿರುವುದು 20,000 ವೋಲ್ಟಿನ ಆಸುಪಾಸು. ಆ ಗಾಜಿನ ನಳಿಕೆಯೇ ವಿದ್ಯುತ್ತನ್ನು ಹಿಡಿದಿಡುವುದರಿಂದ, ಪ್ಲಗ್ಗು ಕಿತ್ತ ಮೇಲೆಯೂ ಅಪಾಯವು ತಪ್ಪದು. ಕೆಲವು ಪೆಟ್ಟಿಗೆಗಳ ಒಳಚೌಕಟ್ಟಿಗೂ ಮನೆಯ ವಿದ್ಯುತ್ತಿಗೂ ನೇರ ಸಂಬಂಧವಿರುವುದರಿಂದ, ಸ್ಪೀಕರಿನ ತಂತಿಗಳನ್ನು ಹೊರಗೆಳೆದು ಕಿವಿಗೆ ಜೋಡಿಸುವುದೂ ಪ್ರಾಣಾಂತಿಕವಾದೀತು. ತಂತಿಯನ್ನು ಬಿಡಿಸಲೇಬೇಕಾದರೆ ರಿಪೇರಿಯವರನ್ನೇ ಕರೆಯಿರಿ. ಬಿಡಿಸಿದ ತುದಿಗಳು ಪರಸ್ಪರ ತಗುಲದಂತೆ ಅವರು ಬೇರೆಬೇರೆಯಾಗಿ ಟೇಪು ಸುತ್ತುವರು.

ನಮ್ಮ ಮನೆಯಲ್ಲಿ ಪಿನ್ನು ಸಿಕ್ಕಿಸಿದೊಡನೆ ಕರಕರವು ನಿಂತು ಹುಡುಗನಿಗೆ ಪಾಠ ತಿಳಿಯಿತು. ಆದರೆ ಮಂದಕಿವಿಯ ಅಜ್ಜಿಯು, “ಈಗ ನನಗೇನೂ ಕೇಳಿಸದಲ್ಲಪ್ಪಾ!” ಎಂದಳು. ಹೊರಗಿನ ಸ್ಪೀಕರನ್ನು ಕೊಂಡದ್ದು ಆಮೇಲೆ.