ಒಂದೇ ತೊಟ್ಟಿಯಲ್ಲಿ ಯಾರೊಡನೆ ಯಾರು?

ಗುಬ್ಬಿ, ಕುಣಿಗಲ್ ಕಡೆ ಕೆರೆಗೆ ಗಾಳ ಹಾಕಿದ ಹುಡುಗರಿಗೆ ‘ಜಿಲೇಬಿ’ ಮೀನು ಹೊಸದಲ್ಲ. ಪುಸ್ತಕದಲ್ಲಿ ಅದರ ಹೆಸರು ತಿಲಾಪಿಯಾ. ತುಮಕೂರಿನ ಅಕ್ವೇರಿಯಂ ಅಂಗಡಿಯಲ್ಲಿ ಈಜುರೆಕ್ಕೆ ಬಿಚ್ಚಿ ತೇಲುವ ಏಂಜೆಲ್, ಕಪ್ಪು ಮೈಮೇಲೆ ಕಿತ್ತಳೆ ಚಿತ್ತಾರದ ಆಸ್ಕರ್ ಎಲ್ಲವೂ ಅದರ ಬಳಗವೇ. ಈ ಬಳಗಕ್ಕೆ ಸಿಕ್ಲಿಡ್ ಎಂದು ಹೆಸರು. ಪ್ರಪಂಚದಲ್ಲಿ ಇವುಗಳ ಪ್ರಭೇದಗಳು 1,600ಕ್ಕೂ ಹೆಚ್ಚು. ನೋಡಲು ಸೊಗಸು, ಬುದ್ಧಿಯಲ್ಲಿ ಚುರುಕು. ನೆರೆಯವರೊಡನೆ ಹೊಂದಿಕೊಳ್ಳುವುದು ಮಾತ್ರ ಕಷ್ಟ.

ರಜೆಯಲ್ಲಿ ಮಕ್ಕಳ ಹಟಕ್ಕೆ ಮಣಿದು, ಬಣ್ಣ ನೋಡಿ ನಾಲ್ಕು ಬಗೆಯ ಮೀನು ತಂದರೆ ವಾರದೊಳಗೆ ಕಾಣುವುದು ಹರಿದ ಬಾಲ, ಮೂಲೆ ಹಿಡಿದ ಮೀನು, ಬೆಳಗಾಗುವುದರೊಳಗೆ ಮಾಯವಾದ ಮರಿ. ಇದು ಮೀನಿನ ತಪ್ಪಲ್ಲ. ತನ್ನದೆಂದು ಒಂದು ಜಾಗ ಗುರುತಿಸಿ ಕಾಯುವುದು, ಮೊಟ್ಟೆ ಮರಿಗಳಿಗಾಗಿ ಕಾದಾಡುವುದು ಸಿಕ್ಲಿಡ್‌ಗಳ ಹುಟ್ಟುಗುಣ. ಆದ್ದರಿಂದ ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಬೇಕು.

ಗಾತ್ರ ಎಷ್ಟು?

ಅಂಗಡಿಯಲ್ಲಿ ಎರಡು ಅಂಗುಲವಿರುವ ಆಸ್ಕರ್ ಒಂದಡಿ ಬೆಳೆಯುತ್ತದೆ. ಬಾಯಿಗೆ ಹಿಡಿಸಿದ ಮೀನೆಲ್ಲ ಅದಕ್ಕೆ ಆಹಾರ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಯುವುದು ಸುಮಾರು 56 ಲೀಟರ್ ನೀರು; ಆಸ್ಕರ್‌ಗೆ ಅದು ಏನೇನೂ ಸಾಲದು. ಸಾಧುವೆನಿಸುವ ಏಂಜೆಲ್ ಕೂಡ ಬೆಳೆದ ಮೇಲೆ ಪುಟ್ಟ ನಿಯಾನ್ ಟೆಟ್ರಾಗಳನ್ನು ನುಂಗುತ್ತದೆ.

ಸ್ವಭಾವ ಎಂಥದು?

ಟೈಗರ್ ಬಾರ್ಬ್ ಸಿಕ್ಲಿಡ್ ಅಲ್ಲ. ಆದರೆ ಏಂಜೆಲ್‌ನ ಉದ್ದ ರೆಕ್ಕೆಗಳನ್ನು ಕಚ್ಚಿ ಹರಿಯುತ್ತದೆ. ಪಟ್ಟೆ ಮೈಯ ಕಾನ್ವಿಕ್ಟ್ ಜೋಡಿ ಮೊಟ್ಟೆಯಿಟ್ಟರೆ ಇಡೀ ತೊಟ್ಟಿಯೇ ತನ್ನದೆನ್ನುತ್ತದೆ. ಫ್ಲವರ್‌ಹಾರ್ನ್ ಒಂಟಿಯಾಗಿರುವುದೇ ಲೇಸು.

ನೀರು ಯಾವುದು?

ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಗಡಸು ನೀರು ಒಗ್ಗುತ್ತದೆ. ದಕ್ಷಿಣ ಅಮೆರಿಕದ ಡಿಸ್ಕಸ್‌ಗೆ ಮೆದು ನೀರು, 28ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸುಪು ಬೇಕು. ಎರಡನ್ನೂ ಒಂದೆಡೆ ಬಿಟ್ಟರೆ ಒಂದು ಸೊರಗುವುದು ಖಂಡಿತ. ಮನೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವುದಾದರೆ ಡಿಸ್ಕಸ್ ಆಸೆ ಬಿಡುವುದು ಮೇಲು. ಕ್ಲೋರಿನ್ ಬೆರೆಸಿದ ನಲ್ಲಿ ನೀರನ್ನು ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಬಳಸಬೇಕು.

ಹೊಸಬರಿಗೆ ಒಂದು ಸುಲಭ ಜೋಡಣೆ ಇದೆ. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ. ಅದರಲ್ಲಿ ಒಟ್ಟಿಗೇ ತಂದ ನಾಲ್ಕು ಏಂಜೆಲ್ ಮರಿಗಳು, ತಳದಲ್ಲಿ ಓಡಾಡುವ ಆರು ಕೋರಿಡೋರಸ್. ಅಡಗಲು ಒಂದಿಷ್ಟು ಗಿಡ, ಬೇರು ಇರಲಿ. ಏಂಜೆಲ್‌ಗಳು ಜೋಡಿಯಾಗಿ ಉಳಿದವನ್ನು ಅಟ್ಟತೊಡಗಿದರೆ ಬೇರ್ಪಡಿಸಲು ಇನ್ನೊಂದು ತೊಟ್ಟಿ ಸಿದ್ಧವಿರಲಿ.

ಕೆರೆಗೆ ಬಿಡಬೇಡಿ

ಆಯ್ಕೆ ತಪ್ಪಿದಾಗ ಕೆಲವರಿಗೆ ಹೊಳೆಯುವ ಉಪಾಯ, ಮೀನನ್ನು ಹತ್ತಿರದ ಕೆರೆಗೆ ಬಿಡುವುದು. ‘ಪಾಪ, ಬದುಕಿಕೊಳ್ಳಲಿ’ ಎಂಬ ಕರುಣೆ ಅದು. ಆಫ್ರಿಕ ಮೂಲದ ಮೊಸಾಂಬಿಕ್ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ, ಆಹಾರಕ್ಕೆಂದು. ತಾಯಿ ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವುದರಿಂದ ಮರಿಗಳು ಹೆಚ್ಚಾಗಿ ಉಳಿದವು; ಕೆರೆ ಕೆರೆಗೂ ಹಬ್ಬಿ ಊರ ಮೀನುಗಳ ಮೇವಿಗೂ ಜಾಗಕ್ಕೂ ಪೈಪೋಟಿ ಒಡ್ಡಿದವು. ಪ್ರಪಂಚದ ಅತಿ ಹಾನಿಕರ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಮೀನೂ ಇದೆ.

ತೊಟ್ಟಿಯಲ್ಲಿ ತಪ್ಪಾದರೆ ಮೀನು ಬೇರೆ ಮಾಡಬಹುದು. ಕುಣಿಗಲ್ಲಿನ ದೊಡ್ಡಕೆರೆಯಲ್ಲೋ ತುಮಕೂರಿನ ಅಮಾನಿಕೆರೆಯಲ್ಲೋ ಹಾಗೆ ಮಾಡಲಾಗದು. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ದೊಡ್ಡ ತೊಟ್ಟಿ ಇರುವ ಗೆಳೆಯರಿಗೆ ಕೊಡಿ. ಮಕ್ಕಳಿಗೆ ಮೀನು ಕೊಡಿಸುವ ದಿನವೇ ಈ ಮಾತನ್ನೂ ಹೇಳಿಕೊಡುವುದು ಒಳ್ಳೆಯದು.