ಮನೆಯಲ್ಲಿ ಮೂಲವಸ್ತುಗಳ ಪಾಠ

ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಕನ್ನಡ ಮನೆಗಳಲ್ಲಿ ಮಗುವಿನ ಮೇಲೆ ಮೂರು ಭಾಷೆಗಳ ಭಾರವಿದೆ. ಅವ್ವ ಕನ್ನಡದಲ್ಲಿ ಮಾತನಾಡುತ್ತಾಳೆ. ಶಾಲೆಯ ಪುಸ್ತಕ ಬಹುಮಟ್ಟಿಗೆ ಮರಾಠಿಯದು. ರಸಾಯನಶಾಸ್ತ್ರದ ಸಂಕೇತಗಳೋ ರೋಮನ್ ಅಕ್ಷರಗಳಲ್ಲಿರುತ್ತವೆ. 'ಕಥೀಲ' ಎಂಬ ಹೆಸರನ್ನು ಬಾಯಿಪಾಠ ಮಾಡಿದ ತುರೋರಿಯ ಮಗುವಿಗೆ, ಅದು ತನ್ನ ಅಜ್ಜಿಯ ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸಿದ ತವರವೇ ಎಂದು ಯಾರೂ ಹೇಳಿರುವುದಿಲ್ಲ. ಹೆಸರು ಬಂದಿತು, ವಸ್ತು ಬರಲಿಲ್ಲ. ಈ ಕೊರತೆಯನ್ನು ತುಂಬಲು ಪ್ರಯೋಗಶಾಲೆಯೇ ಬೇಕೆಂದಿಲ್ಲ, ಮನೆಯೇ ಸಾಕು.

ಮೊದಲು ಮೂಲವಸ್ತು ಎಂದರೇನೆಂಬುದು ಸ್ಪಷ್ಟವಾಗಬೇಕು. ಪಂಚಭೂತಗಳ ಹೆಸರು ಕೇಳಿ ಬೆಳೆದ ಮಗು ನೀರನ್ನು ಮೂಲವಸ್ತುವೆಂದೇ ಹೇಳುತ್ತದೆ. ಆದರೆ ನೀರಿನಲ್ಲಿ ವಿದ್ಯುತ್ತನ್ನು ಹಾಯಿಸಿದರೆ ಅದು ಜಲಜನಕ, ಆಮ್ಲಜನಕಗಳೆಂಬ ಎರಡು ಅನಿಲಗಳಾಗಿ ಒಡೆಯುತ್ತದೆ. ರಾಸಾಯನಿಕ ಕ್ರಿಯೆಯಿಂದ ಹೀಗೆ ಇನ್ನೂ ಸರಳವಾಗಿ ಒಡೆಯಲಾಗದುದೇ ಮೂಲವಸ್ತು. 1789ರಲ್ಲಿ ಫ್ರಾನ್ಸಿನ ಲವಾಸಿಯೇ 33 ಮೂಲವಸ್ತುಗಳ ಪಟ್ಟಿಯನ್ನು ಕೊಟ್ಟನು. ಅದರಲ್ಲಿ ಬೆಳಕು, ಉಷ್ಣಗಳೂ ಸೇರಿಕೊಂಡಿದ್ದವು. ಪಂಡಿತರೂ ತಪ್ಪುತ್ತಾರೆಂದು ಮಕ್ಕಳಿಗೆ ಹೇಳಲು ನಾವು ಹಿಂಜರಿಯಬಾರದು. ಇಂದು ಆ ಸಂಖ್ಯೆ 118.

ಇನ್ನು ಅಡಿಗೆಮನೆಗೆ ಹೋಗೋಣ. ತಾಮ್ರದ ತಂಬಿಗೆ, ಅಲ್ಯುಮಿನಿಯಂ ಡಬ್ಬಿ, ಬೆಳ್ಳಿಯ ಕಾಲುಂಗುರ, ಒಲೆಯ ಇದ್ದಲು, ಇವನ್ನು ಮಗು ಒಂದು ಸಾಲಿನಲ್ಲಿ ಇಡಲಿ. ಇವು ಬಹುಮಟ್ಟಿಗೆ ಒಂದೊಂದೇ ಮೂಲವಸ್ತುವಿನಿಂದಾದವು. ಹಿತ್ತಾಳೆಯ ಕೊಡವನ್ನು ಬೇರೆ ಇಡಿಸಬೇಕು, ಅದು ತಾಮ್ರ ಮತ್ತು ಸತುವಿನ ಮಿಶ್ರಲೋಹ. ನೆರೆಯ ಬೀದರಿನ ಬಿದರಿ ಪಾತ್ರೆಯೂ ಸತು, ತಾಮ್ರಗಳ ಬೆರಕೆಯೇ. ಆದರೆ ಅದರಲ್ಲಿ ಸತುವಿನ ಪಾಲೇ ಬಹಳ ಹೆಚ್ಚು, ಮೇಲಿನ ಬಳ್ಳಿ ಬೆಳ್ಳಿಯದು. ಉಪ್ಪಿನ ಮರಿಗೆಯನ್ನು ಮೂರನೆಯ ಕಡೆ ಇಡಲಿ. ನೀರು ಸೋಕಿದರೆ ಸಿಡಿಯುವ ಸೋಡಿಯಂ ಮತ್ತು ವಿಷಾನಿಲವಾದ ಕ್ಲೋರಿನ್ ಕೂಡಿ ನಾವು ದಿನವೂ ತಿನ್ನುವ ಉಪ್ಪಾಗಿವೆ. ಸಂಯುಕ್ತವೆಂದರೆ ಬರಿಯ ಬೆರಕೆಯಲ್ಲ, ಹೊಸ ಗುಣದ ಹೊಸ ವಸ್ತು ಎಂಬುದು ಇದರಿಂದ ಮನಸ್ಸಿಗೆ ನಾಟುತ್ತದೆ.

ಎರಡನೆಯದಾಗಿ, ಮಗುವಿನ ಕೈಗೆ ಮೂರು ಅಂಕಣಗಳ ಒಂದು ವಹಿ ಕೊಡಬೇಕು. ತವರ, ಕಥೀಲ, ಎಸ್‌ಎನ್. ಸತು, ಜಸ್ತ, ಜೆಡ್‌ಎನ್. ಪಾದರಸ, ಪಾರಾ, ಎಚ್‌ಜಿ. ಕಬ್ಬಿಣ, ಲೋಖಂಡ, ಎಫ್‌ಇ. ಗಂಧಕಕ್ಕೆ ಬಂದಾಗ ಎರಡು ಭಾಷೆಗಳಲ್ಲಿಯೂ ಹೆಸರು ಒಂದೇ ಎಂದು ಕಂಡು ಮಗು ನಗುತ್ತದೆ. ಅಕ್ಷರ ಸಂಕೇತಗಳನ್ನು ಸ್ವೀಡನ್ನಿನ ಬರ್ಜಿಲಿಯಸ್ 1813ರ ಸುಮಾರಿಗೆ ಸೂಚಿಸಿದನು. ಕಬ್ಬಿಣಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ಫೆರಮ್' ಎನ್ನುವುದರಿಂದ ಅದರ ಸಂಕೇತ ಎಫ್‌ಇ. ಹೆಸರು ಗಡಿ ದಾಟಿದರೆ ಬದಲಾಗುತ್ತದೆ, ಸಂಕೇತ ಬದಲಾಗದು.

ಮೂರನೆಯ ಪಾಠ ಹೊಲದಲ್ಲಿದೆ. ಗೊಬ್ಬರದ ಚೀಲದ ಮೇಲೆ 10:26:26 ಎಂದು ಬರೆದಿರುವುದನ್ನು ಮಗು ಅಪ್ಪನಿಗೆ ಓದಿ ಹೇಳಲಿ. ನೂರು ಕಿಲೋದಲ್ಲಿ ಸಾರಜನಕ 10 ಕಿಲೋ. ಉಳಿದೆರಡು ಅಂಕಿಗಳು ರಂಜಕ, ಪೊಟ್ಯಾಸಿಯಂಗಳನ್ನು ಅವುಗಳ ಆಕ್ಸೈಡಿನ ರೂಪದಲ್ಲಿ ಎಣಿಸಿದ ಲೆಕ್ಕ. ಅದೇ ಸಾರಜನಕವನ್ನು ತೊಗರಿಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಿಂದಲೇ ಹಿಡಿದುಕೊಡುತ್ತವೆ. ಎರೆಮಣ್ಣಿನಲ್ಲಿ ಸಿಕ್ಕುವ ಬಿಳಿಯ ಸುಣ್ಣದ ಹರಳಿನ ಮೇಲೆ ಲಿಂಬೆಯ ರಸ ಹಿಂಡಿದರೆ ನೊರೆ ಏಳುತ್ತದೆ. ಹೊರಬರುವುದು ಇಂಗಾಲದ ಡೈಆಕ್ಸೈಡು. ಕ್ಯಾಲ್ಸಿಯಂ ರಸದಲ್ಲಿ ಉಳಿಯುತ್ತದೆ.

ಕೊನೆಗೆ ಆಟ. ರಟ್ಟಿನ ಚೀಟಿಗಳ ಮೇಲೆ ಒಂದೊಂದು ಮೂಲವಸ್ತುವಿನ ಹೆಸರು, ಗುಣ ಬರೆದು ಜೋಡಿಸಲಿ. ರಷ್ಯದ ಮೆಂಡಲೀವ್ 1869ರಲ್ಲಿ ಆಗ ತಿಳಿದಿದ್ದ 63 ಮೂಲವಸ್ತುಗಳನ್ನು ಪರಮಾಣು ತೂಕದ ಕ್ರಮದಲ್ಲಿಟ್ಟು, ಸಮಾನ ಗುಣದವನ್ನು ಒಂದುಗೂಡಿಸಿದನು. ತಿಳಿಯದವಕ್ಕೆ ಜಾಗ ಬಿಟ್ಟನು. ಆ ಖಾಲಿ ಸ್ಥಾನಗಳಿಗೆ ಹೆಸರಿಡಲು ನಮ್ಮ ಸಂಸ್ಕೃತದ 'ಏಕ' ಶಬ್ದವನ್ನೇ ಬಳಸಿದನು. ಅವನ ಏಕ-ಅಲ್ಯುಮಿನಿಯಂ 1875ರಲ್ಲಿ ಗ್ಯಾಲಿಯಂ ಆಗಿ ಸಿಕ್ಕಿತು. ಇಂದು ಕ್ರಮವನ್ನು ಪರಮಾಣುವಿನ ಪ್ರೋಟಾನುಗಳ ಸಂಖ್ಯೆಯಿಂದ ಗೊತ್ತುಮಾಡುತ್ತಾರೆ.

ಒಂದು ಎಚ್ಚರಿಕೆಯ ಮಾತು. ಒಡೆದ ಜ್ವರಮಾಪಕದ ಪಾದರಸವನ್ನು ಮಕ್ಕಳು ಮುಟ್ಟಬಾರದು, ಅದರ ಆವಿ ವಿಷ. ಗಂಧಕವನ್ನು ಮನೆಯೊಳಗೆ ಸುಡಬಾರದು. ಗೊಬ್ಬರವನ್ನು ಬಾಯಿಗಿಡಬಾರದು.

ತನಗೆ ವಿಜ್ಞಾನ ತಿಳಿಯದೆಂದು ಹಿಂದೆ ಸರಿಯುವ ತಾಯಿಯೇ ಹುಣಿಸೆಹಣ್ಣಿನಿಂದ ತಾಮ್ರದ ಕಿಲುಬು ತೆಗೆಯುತ್ತಾಳೆ. ಅವಳ ಕೈಗೆ ತಿಳಿದಿರುವುದಕ್ಕೆ ಹೆಸರು ಕೊಡುವುದಷ್ಟೇ ನಮ್ಮ ಕೆಲಸ. ಅವ್ವನ ಮಾತಿನಲ್ಲಿ ತಿಳಿದ ಪಾಠವನ್ನು ಮಗು ಮರಾಠಿಯಲ್ಲಿಯೂ ಧೈರ್ಯವಾಗಿ ಬರೆಯುತ್ತದೆ; ತಿಳಿಯದ ಪಾಠವನ್ನು ಯಾವ ಭಾಷೆಯಲ್ಲಿಯೂ ಬರೆಯಲಾರದು.